ಒಂದು ತೂತು ಖಾಲಿ

ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ, ಜಗಳೂರು ಬಸ್ಸು ನಿಲ್ಲುವ ಮೂಲೆ,
ಶೌಚಾಲಯದ ಬಾಗಿಲಿಗೆ ಮೇಜು ಹಾಕಿ ಕೂತು
ಹನ್ನೊಂದು ವರ್ಷ.
ಸಣ್ಣದಕ್ಕೆ ಎರಡು, ದೊಡ್ಡದಕ್ಕೆ ಐದು.
ಊರಿನ ಚಿಲ್ಲರೆಯೆಲ್ಲ ಒಂದಿಲ್ಲೊಂದು ದಿನ
ನನ್ನ ಕೈ ಹಾಯ್ದೇ ಹೋಗಬೇಕು.

ಬೆವರಿದ ನಾಣ್ಯ, ಮಂಡಕ್ಕಿಯ ಖಾರ ಹತ್ತಿದ ನಾಣ್ಯ,
ಸೆರಗಿನ ಗಂಟಿಂದ ಬಿಚ್ಚಿದ, ಇನ್ನೂ ಬೆಚ್ಚಗಿರುವ ನಾಣ್ಯ.
ಎಲ್ಲವನ್ನೂ ತಿರುವಿ ಇಸವಿಯ ಕೆಳಗೆ ನೋಡುತ್ತೇನೆ.
ವಜ್ರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು,
ಚುಕ್ಕಿಯಿದ್ದರೆ ನೋಯ್ಡಾ,
ಏನೂ ಇಲ್ಲದಿದ್ದರೆ ಕಲ್ಕತ್ತೆ.
ಎಲ್ಲಿ ಹುಟ್ಟಿದಿಯಪ್ಪಾ ಎಂದು ಮನುಷ್ಯರನ್ನು ಕೇಳುವ ಹಾಗಿಲ್ಲ,
ಇಲ್ಲಿಗೆ ಬರುವವರಿಗೆ ಅವಸರವಿರುತ್ತದೆ.

ಕಲಿಸಿದವರು ಮಂಡಿಪೇಟೆಯ ಗುಮಾಸ್ತ ಚನ್ನವೀರಯ್ಯ,
ಸಕ್ಕರೆ ಕಾಯಿಲೆ, ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು.
ಒಮ್ಮೆ ನನ್ನ ಡಬ್ಬಿಯಲ್ಲಿ ಬೆರಳಾಡಿಸಿ,
'ಪಾಲಾಕ್ಷಿ, ಇದು ಬರೀ ಎರಡು ರೂಪಾಯಿ ಅಲ್ಲೋ' ಎಂದರು.
ಮತ್ತೇನ್ರಿ?
'ಎರಡು ರೂಪಾಯೇ. ಆದ್ರ ಇನ್ನೊಂದು ಸಿಗಲ್ಲ.'

ಒಂದು ತೆಗೆದರೆ ಒಂದು ಹಾಕಬೇಕು, ಅದು ನನ್ನ ಕಟ್ಟಳೆ.
ರಾತ್ರಿ ಎಂಟಕ್ಕೆ ಕಾಂಟ್ರಾಕ್ಟರ್ ಎಣಿಸುತ್ತಾನೆ.
ಅಂಗಿಯ ಕಿಸೆಯಲ್ಲಿ ಸದಾ ಬದಲಿ ಚಿಲ್ಲರೆ.

ಮನೆಯಲ್ಲಿ ಸೀರೆ ಡಬ್ಬಿಯ ರಟ್ಟಿಗೆ ತೂತು ಕೊರೆದು
ಸಾಲಾಗಿ ಕೂರಿಸಿದ್ದೇನೆ.
ಹಾಲಮ್ಮ ಒಮ್ಮೆ ಅಷ್ಟನ್ನೂ ಕಿತ್ತು
ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದಳು.
ತಿಕ್ಕಿದರೆ ಬೆಲೆ ಹೋಗ್ತತಿ ಕಣೇ ಎಂದೆ.
'ಎಲ್ಲಿಂದ ಬಂದಾವು ಅಂತ ಗೊತ್ತಿದ್ದೂ ತಿಕ್ಕಬಾರದಾ?'

ಏಳು ಮೂಲೆಯದೂ ಒಂದಿದೆ, ರಾಣಿಯ ಮುಖ,
ಯಾರೋ ಐದು ರೂಪಾಯಿಯೆಂದು ದಾಟಿಸಿ ಹೋದರು.
ಅವರ ಊರಲ್ಲೂ ನನ್ನಂಥವರು ಇದ್ದಾರಂತೆ,
ಚಹಾ ಅಂಗಡಿಯ ಚಿಲ್ಲರೆ ತಿರುವಿ ನೋಡುವವರು.
ಇರಲಿ, ಸಂತೋಷ.
ಬ್ರಿಟಿಷರು ನನಗಿನ್ನೂ ಐದು ರೂಪಾಯಿ ಬಾಕಿ.

ಆದರೆ ಒಂದು ತೂತು ಆರು ವರ್ಷದಿಂದ ಖಾಲಿ.
ಯಾವ ಇಸವಿ, ಯಾವ ಗುರುತು, ಹೇಳುವುದಿಲ್ಲ,
ಹೇಳಿದರೆ ನೀವೂ ಹುಡುಕುತ್ತೀರಿ.

ಅದು ಬಂತು.
ಬೆಳಗ್ಗೆ ಆರೂಕಾಲು, ಪೇಪರ್ ಹಾಕುವ ಹುಡುಗ
ಹಾಗೇ ಮೇಜಿಗೆ ಉರುಳಿಸಿ ಒಳಗೆ ಓಡಿದ.
ಅಂಗೈಗೆ ಹಾಕಿಕೊಂಡೆ. ಕನ್ನಡಕ ಒರೆಸಿ ಮತ್ತೆ ನೋಡಿದೆ.
ಅದೇ.
ಕಿಸೆಗೆ ಕೈ ಹಾಕಿದರೆ ಬರಿದು,
ಹಿಂದಿನ ರಾತ್ರಿ ಹಾಲಮ್ಮ ಅಂಗಿ ಒಗೆದಿದ್ದಳು.
ಸರಿ, ಮಧ್ಯಾಹ್ನ ಬುತ್ತಿ ತರುವಾಗ ಎರಡು ರೂಪಾಯಿ ತಾ ಎಂದರಾಯಿತು,
ಅಲ್ಲಿಯವರೆಗೆ ಡಬ್ಬಿಯಲ್ಲೇ ಇರಲಿ.

ಆಗ ಆ ಹೆಂಗಸು, ಕಂಕುಳಲ್ಲಿ ಕೂಸು,
ಹತ್ತರ ನೋಟು ಚಾಚಿ, 'ಸಣ್ಣದು' ಎಂದಳು.
ಹೊರಬಂದಾಗ ಎಂಟು ಕೊಡಬೇಕು.
ಡಬ್ಬಿಯಲ್ಲಿ ಒಂದು ಐದು, ನಿನ್ನೆ ಉಳಿದ ಒಂದು,
ಮತ್ತೆ ಅದು.

ಚಿಲ್ಲರೆ ಇಲ್ಲವ್ವಾ ಎನ್ನಬಹುದಿತ್ತು.
ಈ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಅನ್ನುತ್ತಾರೆ.
ನಾನು ಇವತ್ತಿನವರೆಗೆ ಅಂದಿಲ್ಲ,
ನನಗಿರುವುದು ಅದೊಂದೇ ಹೆಸರು.

ಜಗಳೂರು ಬಸ್ಸಿನವ ಸೀಟಿ ಊದಿದ.
ಅವಳು ಇಸವಿ ನೋಡಲಿಲ್ಲ, ಗುರುತು ನೋಡಲಿಲ್ಲ,
ಐದು, ಆರು, ಎಂಟು, ಎಂದು ಬಾಯಲ್ಲೇ ಎಣಿಸಿ
ಸೆರಗಿಗೆ ಗಂಟು ಹಾಕಿ ಓಡಿದಳು.

ಈಗ ಹುಡುಗರು ಗೋಡೆಯ ಚೌಕಕ್ಕೆ ಫೋನು ಹಿಡಿದು
ಟಣ್ ಎನ್ನಿಸಿ ಒಳಗೆ ಹೋಗುತ್ತಾರೆ. ಡಬ್ಬಿ ಹಗುರ.
ಅದು ಜಗಳೂರಿನಲ್ಲಿ ಬೆಂಕಿಪೊಟ್ಟಣ ಕೊಂಡಿರಬಹುದು,
ಯಾವುದೋ ಕೂಸು ನುಂಗಿರಬಹುದು.
ಆದರೆ ಹೋದ ಬಸ್ಸು ಸಂಜೆಗೆ ಮರಳಿ ಬರುತ್ತದೆ,
ಇಳಿದವರು ಮೊದಲು ಇತ್ತ ಕಡೆಗೇ ಧಾವಿಸುತ್ತಾರೆ.

ಫೋನು ಬ್ಯಾಡ್ರೀ ಯಜಮಾನ್ರೇ,
ಚಿಲ್ಲರೆ ಇದ್ರೆ ಕೊಡ್ರಿ.